ಚಂದ್ರಲೋಕಕ್ಕೆ ಹೋದ ಹೆಣಿಗೆ

ಸಂಜೆಯ ಹೊತ್ತು. ಬಸವನಗುಡಿಯ ಒಂದು ಮನೆಯ ಪಡಸಾಲೆ. ಒಂದು ಮೂಲೆಯಲ್ಲಿ ಅಜ್ಜಿ ಉಣ್ಣೆಯ ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು, 'ಎರಡು ಸೀದಾ, ಎರಡು ಉಲ್ಟಾ' ಎಂದು ಜಪಮಾಡುವವರಂತೆ ಗುಣುಗುಣಿಸುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಎಂಜಿನಿಯರಿಂಗ್ ಓದುವ ಮೊಮ್ಮಗ ಗಣಕಯಂತ್ರದ ಮುಂದೆ ತಪಸ್ಸಿಗೆ ಕುಳಿತಿದ್ದ. ಇದ್ದಕ್ಕಿದ್ದಂತೆ ಅಜ್ಜಿ ನಿಟ್ಟುಸಿರಿಟ್ಟು, ಅರ್ಧ ಗಂಟೆಯ ಹೆಣಿಗೆಯನ್ನೆಲ್ಲ ಬಿಚ್ಚತೊಡಗಿದರು. ಎಲ್ಲೋ ಒಂದು ಕುಣಿಕೆ ತಪ್ಪಿತ್ತು.

"ಒಂದು ಕುಣಿಕೆಗಾಗಿ ಇಷ್ಟೆಲ್ಲ ಬಿಚ್ಚಬೇಕೆ ಅಜ್ಜೀ? ಯಾರ ಕಣ್ಣಿಗೆ ಬಿದ್ದೀತು?" ಎಂದು ಮೊಮ್ಮಗ ನಕ್ಕ.

"ನನ್ನ ಕಣ್ಣಿಗೆ ಬಿದ್ದಿದೆಯಲ್ಲಪ್ಪ" ಎಂದರು ಅಜ್ಜಿ.

ಆ ನಗೆಯಲ್ಲಿ ಕೊಂಚ ತಾತ್ಸಾರವಿತ್ತು. ಅದು ಅವನೊಬ್ಬನ ಸ್ವತ್ತಲ್ಲ. ನೂಲು ಸೂಜಿಗಳದು ಹೊತ್ತು ಕಳೆಯುವ ಕೆಲಸ, ಯಂತ್ರ ಗಣಿತಗಳದು ಬುದ್ಧಿಯ ಕೆಲಸ ಎಂಬ ಭೇದವನ್ನು ವಿದ್ಯಾವಂತರನೇಕರು ಮನಸ್ಸಿನಲ್ಲಿ ಸಾಕಿಕೊಂಡಿರುತ್ತಾರೆ. ಆದರೆ ಆ ಹುಡುಗನ ಮುಂದಿದ್ದ ಯಂತ್ರದ ವಂಶಾವಳಿಯನ್ನು ಕೆದಕಿದರೆ, ಹಿರಿಯರ ಸಾಲಿನಲ್ಲಿ ಸಿಗುವುದು ಒಂದು ಮಗ್ಗ!

ಫ್ರಾನ್ಸಿನ ಲಿಯೋನ್ ಪಟ್ಟಣದ ಜಕಾರ್ಡ್ ಎಂಬಾತ 1804ರಲ್ಲಿ ರಂಧ್ರಗಳುಳ್ಳ ಕಾರ್ಡುಗಳಿಂದ ಮಗ್ಗವನ್ನು ನಡೆಸಿದ. ರಂಧ್ರವಿದ್ದೆಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದೆಡೆ ಏಳುವುದಿಲ್ಲ. ಹೌದು, ಅಲ್ಲ ಎಂಬ ಎರಡೇ ಮಾತುಗಳಿಂದ ಎಲೆ ಹೂಬಳ್ಳಿಗಳೆಲ್ಲ ಅರಳಿದವು. ಇಂಗ್ಲೆಂಡಿನ ಬ್ಯಾಬೇಜ್ ಈ ಕಾರ್ಡುಗಳನ್ನೇ ತನ್ನ ಗಣಿತಯಂತ್ರದ ಯೋಜನೆಗೆ ಎರವಲು ತೆಗೆದುಕೊಂಡ.

ಇದಕ್ಕಿಂತ ಸೋಜಿಗದ ಕಥೆ ಅಮೆರಿಕದ ವಾಲ್ಥಮ್ ಪಟ್ಟಣದ್ದು. 1960ರ ದಶಕದಲ್ಲಿ ಅಪೊಲೊ ನೌಕೆಗಳಿಗೆ ದಾರಿ ತೋರುವ ಗಣಕಯಂತ್ರಗಳು ಅಲ್ಲಿನ ರೇಥಿಯನ್ ಕಾರ್ಖಾನೆಯಲ್ಲಿ ಸಿದ್ಧವಾದವು. ಅವುಗಳ ಆದೇಶಗಳನ್ನು ಬರೆಯಲಿಲ್ಲ, ಅಕ್ಷರಶಃ ನೇಯ್ದರು. ತಂತಿ ಪುಟ್ಟ ಕಾಂತವಲಯದೊಳಗೆ ತೂರಿದರೆ ಒಂದು. ಹೊರಗೆ ಹಾದುಹೋದರೆ ಸೊನ್ನೆ. ಒಂದು ನೌಕೆಯ ಸ್ಮೃತಿಯಲ್ಲಿ 36,864 ಪದಗಳು. ಪ್ರತಿ ಪದಕ್ಕೂ ಹದಿನಾರು ಗುರುತುಗಳು. ರಂಧ್ರಗಳಿದ್ದ ಪಟ್ಟಿಯೊಂದು ಯಂತ್ರಕ್ಕೆ ಜಾಗ ತೋರಿಸುತ್ತಿತ್ತು. ಅಲ್ಲಿ ಸೂಜಿ ತೂರಿಸುತ್ತಿದ್ದವರು ಹೆಂಗಸರು. ಜಕಾರ್ಡನ ಕಾರ್ಡು ವೇಷ ಬದಲಿಸಿ ಮತ್ತೆ ಬಂದಿತ್ತು.

ಎಂಜಿನಿಯರುಗಳು ಇದನ್ನು 'ಮುದುಕಿಯರ ಸ್ಮೃತಿ' ಎಂದು ಪರಿಹಾಸ್ಯ ಮಾಡುತ್ತಿದ್ದರಂತೆ. ಒಮ್ಮೆ ನೇಯ್ದ ಮೇಲೆ ತಿದ್ದುವುದು ಬಲು ದುಸ್ತರ. ಒಂದು ಎಳೆ ತಪ್ಪಿದರೆ ಅದು ಬಟ್ಟೆಯ ದೋಷವಲ್ಲ. ಗಗನಯಾತ್ರಿಗಳ ಪ್ರಾಣಕ್ಕೇ ಸಂಚಕಾರ. 1969ರ ಜುಲೈ 20ರಂದು ಮನುಷ್ಯ ಚಂದ್ರನ ಮೇಲಿಳಿದಾಗ ಜಗತ್ತು ಆ ಇಬ್ಬರ ಹೆಸರನ್ನು ಕೊಂಡಾಡಿತು. ಅವರನ್ನು ಇಳಿಸಿದ ಎಳೆಗಳನ್ನು ತೂರಿಸಿದ ಕೈಗಳ ಹೆಸರನ್ನು ಕೇಳಿದವರೆಷ್ಟು ಮಂದಿ?

ಕಾಲೇಜಿನಲ್ಲಿ ಈ ಕಥೆಯನ್ನು ಕೇಳಿಬಂದ ದಿನ ಮೊಮ್ಮಗ ಬಹಳ ಹೊತ್ತು ಮಾತನಾಡಲಿಲ್ಲ. ವಾರ ಕಳೆಯುವುದರೊಳಗೆ ಅಂಗೈಯಲ್ಲಡಗುವ ದುಂಡನೆಯ ಹಲಗೆಯೊಂದನ್ನು ತಂದ. ಲೀಯಾ ಬ್ಯೂಕ್ಲಿ ಎಂಬಾಕೆ ರೂಪಿಸಿದ, 2007ರಲ್ಲಿ ಮಾರಾಟಕ್ಕೆ ಬಂದ ಲಿಲಿಪ್ಯಾಡ್ ಅದು. ಅದನ್ನು ಬೆಸೆಯಬೇಕಿಲ್ಲ, ವಿದ್ಯುತ್ತು ಹರಿಯುವ ದಾರದಿಂದ ಬಟ್ಟೆಗೇ ಹೊಲಿಯಬಹುದು.

"ಪುಟ್ಟಿಯ ಸ್ವೆಟರಿಗೆ ಮಿಣುಕುದೀಪ ಹಾಕೋಣ ಅಜ್ಜೀ. ಆದೇಶ ನನ್ನದು, ಹೊಲಿಗೆ ನಿನ್ನದು" ಎಂದ.

ಅಜ್ಜಿ ಹೊಲಿದರು. ದೀಪ ಹತ್ತಲಿಲ್ಲ. ಮೊಮ್ಮಗ ತನ್ನ ಆದೇಶಗಳನ್ನು ಮೊದಲಿನಿಂದ ಕೊನೆಯವರೆಗೆ ಮೂರು ಸಲ ಓದಿದ, ತಪ್ಪೇ ಕಾಣಲಿಲ್ಲ. ಅಜ್ಜಿ ಕನ್ನಡಕವನ್ನೇರಿಸಿ, ಸ್ವೆಟರನ್ನು ತಿರುವಿ, ಒಳಮೈಯನ್ನು ಬೆಳಕಿಗೆ ಹಿಡಿದರು.

"ಇಲ್ಲಿ ನೋಡಪ್ಪ, ಗಂಟಿನ ಬಾಲ ಪಕ್ಕದ ಎಳೆಯನ್ನು ಮುಟ್ಟಿಕೊಂಡಿದೆ. ಮುಟ್ಟಬಾರದು ಅಂದಿದ್ದೆಯಲ್ಲವೆ?"

ನಿಜ. ಆ ದಾರಕ್ಕೆ ಮೇಲ್ಹೊದಿಕೆಯಿಲ್ಲ. ಎರಡು ಎಳೆ ತಾಗಿದರೆ ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ. ಬಾಲವನ್ನಷ್ಟೇ ಕತ್ತರಿಸಿದರೂ ಸಾಕಾಗುತ್ತಿತ್ತೇನೋ; ಅಜ್ಜಿ ಮಾತ್ರ ಆ ಸಾಲನ್ನೇ ಬಿಚ್ಚತೊಡಗಿದರು.

ಈ ಸಲ ಮೊಮ್ಮಗ ನಗಲಿಲ್ಲ. ಬಿಚ್ಚಿದ ದಾರ ಸಿಕ್ಕಾಗದಂತೆ ತನ್ನ ಬೆರಳಿಗೆ ಸುತ್ತಿಕೊಳ್ಳುತ್ತ ಅಜ್ಜಿಯ ಪಕ್ಕದಲ್ಲಿ ಕುಳಿತ.