ಹೆಳವ ಬಂದಾನು, ಕೇಳುವವರು ಯಾರು?

ಸುಗ್ಗಿ ಮುಗಿದು ಜೋಳ ಹಗೇವು ಸೇರಿದ ಮೇಲೆ ನಮ್ಮ ಬಾಗಲಕೋಟೆ, ವಿಜಯಪುರ ಸೀಮೆಯ ಊರುಗಳಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬಂದವನು ಮನೆಯ ಮುಂದೆ ನಿಂತು ಹಿರಿಯನ ಹೆಸರು ಹಿಡಿದು ಕರೆಯುತ್ತಿದ್ದ. ಆಮೇಲೆ ಶುರು. ಆ ಹಿರಿಯನ ಅಪ್ಪ ಯಾರು, ಮುತ್ಯಾ ಯಾರು, ಬೆಡಗು ಯಾವುದು, ಮೂಲ ಊರು ಯಾವುದು, ಯಾರು ದತ್ತಕ ಬಂದವರು, ಯಾವ ಬರಗಾಲದಾಗ ಅಲ್ಲಿಂದ ಎದ್ದು ಈ ಊರು ಹಿಡಿದರು, ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತಿತ್ತು. ಪಡಸಾಲೆಯಲ್ಲಿ ಜನ ಕೂಡುತ್ತಿತ್ತು. ತಪ್ಪಿದ ಹೆಸರನ್ನು ಮನೆಯ ಮುದುಕರು ತಿದ್ದುತ್ತಿದ್ದರು, ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದ ಕೂಸುಗಳ ಹೆಸರನ್ನು ಹೆಳವ ತನ್ನ ಹೊತ್ತಿಗೆಗೆ ಸೇರಿಸಿಕೊಳ್ಳುತ್ತಿದ್ದ. ಹೋಗುವಾಗ ಜೋಳ, ಬಟ್ಟೆ, ಉಳ್ಳವರ ಮನೆಯಿಂದಾದರೆ ಆಕಳೋ ಹೋರಿಯೋ ಸಿಗುತ್ತಿತ್ತು. ಪಾಲುಪಾರೀಕತ್ತಿನ ತಕರಾರು ಎದ್ದಾಗ ಹಿರಿಯರು ಹೆಳವನ ಮಾತನ್ನೇ ಸಾಕ್ಷಿಯಾಗಿ ಹಿಡಿಯುತ್ತಿದ್ದರು.

ಈಗಲೂ ಅಲ್ಲಲ್ಲಿ ಬರುತ್ತಾರೆ, ಎತ್ತಿನ ಬದಲು ಗಾಡಿಯ ಮೇಲೆ. ಆದರೆ ಅರ್ಧ ಮನೆಗಳಿಗೆ ಕೀಲಿ. ಬಾಗಿಲು ತೆರೆದ ಮನೆಯಲ್ಲೂ ಯಾರೋ ಹುಡುಗ ಫೋನು ಕಿವಿಗೆ ಹಚ್ಚಿಕೊಂಡೇ ಹೊರಗೆ ಬಂದು ಐವತ್ತೋ ನೂರೋ ಕೈಗಿಟ್ಟು ಕಳಿಸುತ್ತಾನೆ. ಅವನ ಏಳು ತಲೆಮಾರು ಆ ಹೊತ್ತಿಗೆಯೊಳಗಿದೆ, ಅವನು ಅದನ್ನು ತೆರೆಯುವುದಕ್ಕೂ ಬಿಡಲಿಲ್ಲ. ನನಗೆ ಸಂಕಟವಾಗುವುದು ಇಲ್ಲಿ. ಬರೆದದ್ದು ಗೆದ್ದಲು ತಿಂದು ಹೋಗುವುದು ಒಂದು ನಷ್ಟ. ಹೇಳುವವನು ಬಾಗಿಲಿಗೇ ಬಂದು ನಿಂತಾಗ ಕೇಳುವ ಪುರುಸೊತ್ತು ಯಾರಿಗೂ ಇಲ್ಲದಿರುವುದು ಅದಕ್ಕಿಂತ ದೊಡ್ಡದು. ಹೆಳವನ ಮಕ್ಕಳೂ ಬೇರೆ ಕೆಲಸ ಹಿಡಿದಿದ್ದಾರೆ, ಅವರನ್ನು ಹೇಗೆ ದೂರುವುದು?

ಆದರೂ ಹೆಳವನ ಹೊತ್ತಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಕೇಳಿದ ಮಟ್ಟಿಗೆ ಅದು ಗಂಡಸರ ಹೆಸರಿನಿಂದ ಗಂಡಸರ ಹೆಸರಿಗೆ ದಾಟುತ್ತ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸರ್ವೇ ಅಧಿಕಾರಿ ಕಾಲಿನ್ ಮೆಕೆಂಜಿಯ ಕಡೆಯವರು ಊರೂರು ತಿರುಗಿ ಬರೆಸಿಕೊಂಡ ಕೈಫಿಯತ್ತುಗಳಲ್ಲೂ, ಅಂದರೆ ಊರಿನ ವೃತ್ತಾಂತಗಳಲ್ಲೂ, ದೇವಸ್ಥಾನ, ಪಾಳೆಯಗಾರ, ಗೌಡಿಕೆ, ಶಾನುಭೋಗಿಕೆಗಳದೇ ಸುದ್ದಿ. ನಮ್ಮ ಭಾಗದ ಹಳೆಯ ಕಂದಾಯ ಕಾಗದಗಳು ಮೋಡಿ ಲಿಪಿಯಲ್ಲಿವೆ, ಓದಬಲ್ಲವರನ್ನು ಹುಡುಕಬೇಕು. ಹುಡುಕಿ ಓದಿಸಿದರೂ ಸಿಗುವುದು ಹೊಲ ಯಾರದು ಎಂಬುದು, ಆ ಹೊಲದಲ್ಲಿ ಕಳೆ ತೆಗೆದವಳು ಯಾರು ಎಂಬುದಲ್ಲ.

ಹೆಣ್ಣುಮಕ್ಕಳ ದಫ್ತರ ಬೇರೆಯೇ ಇತ್ತು. ಅದು ಕೌದಿ. ಹರಿದ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಮುತ್ಯಾನ ಧೋತರ, ಕೂಸಿನ ಕುಂಚಿಗೆ, ಯಾವುದನ್ನೂ ಎಸೆಯುತ್ತಿರಲಿಲ್ಲ. ಮಧ್ಯಾಹ್ನ ಉಂಡಾದ ಮೇಲೆ ಪಡಸಾಲೆಯಲ್ಲಿ ಹಾಸಿ, ಪದರಿನ ಮೇಲೆ ಪದರು ಇಟ್ಟು, ಸುತ್ತಲೂ ಕುಳಿತು ದಬ್ಬಣದಲ್ಲಿ ಹೊಲಿಯುತ್ತಿದ್ದರು. ಟಾಕು ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತಿತ್ತು. ಕೈ ಹೊಲಿಯುತ್ತಿದ್ದರೆ ಬಾಯಿ ಸುಮ್ಮನಿರುತ್ತಿತ್ತೇ? ನಮ್ಮ ಆಯಿಯ ಕೌದಿಯಲ್ಲಿ ತೋಪುತೆನೆ ಸೆರಗಿನದೊಂದು ಕೆಂಪು ತುಂಡಿತ್ತು. ಬಾಣಂತನದಲ್ಲಿ ತೀರಿಕೊಂಡ ಅವಳ ತಂಗಿಯ ಸೀರೆ ಅದು. ಆ ತಂಗಿಯ ಹೆಸರು ಯಾವ ಪಹಣಿಯಲ್ಲೂ, ಯಾವ ವಂಶಾವಳಿಯಲ್ಲೂ ಇಲ್ಲ. ಕೌದಿ ಮಡಚುವಾಗೊಮ್ಮೆ, ಹಾಸುವಾಗೊಮ್ಮೆ ಆಯಿ ಆ ಹೆಸರು ಹೇಳುತ್ತಿದ್ದಳು. ಅಷ್ಟರಿಂದಲೇ ಅದು ನಮ್ಮವರೆಗೆ ಬಂದಿದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಣ್ಣುಮಕ್ಕಳೂ ಇಂಥದೇ ಕೌದಿ ಹೊಲಿಯುತ್ತಾರೆ, ಅವರು ಕವಂದಿ ಎನ್ನುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮುಕ್ಕೋನದ ಹೂ ಕೂರಿಸದೆ ಅವರ ಕೆಲಸ ಮುಗಿಯುವುದಿಲ್ಲ. ಹೂವಿಲ್ಲದ ಕವಂದಿ ಬತ್ತಲೆ ಎಂಬ ಭಾವ ಅವರದು. ಪೂರ್ವಜರು ಆಫ್ರಿಕಾದಿಂದ ಬಂದವರು ಎಂಬುದು ಪುಸ್ತಕದಿಂದ ತಿಳಿಯುತ್ತದೆ. ಯಾವ ಅಜ್ಜಿ ಯಾವ ಮೊಮ್ಮಗುವಿಗೆಂದು ಯಾವ ಬಣ್ಣ ಆರಿಸಿದಳು ಎಂಬುದು ಕವಂದಿಯಿಂದ ಮಾತ್ರ. ಅವರ ಕವಂದಿ ಈಗ ವಸ್ತುಸಂಗ್ರಹಾಲಯಗಳ ಗೋಡೆಗೂ ಏರಿದೆ. ಸಂತೋಷವೇ. ಗೋಡೆಗೆ ಏರದ ನಮ್ಮ ಮನೆಗಳ ಕೌದಿಗಳು ಟ್ರಂಕಿನಿಂದ ನಾಯಿ ಮಲಗುವ ಜಾಗಕ್ಕೆ, ಅಲ್ಲಿಂದ ತಿಪ್ಪೆಗೆ ಹೋಗುತ್ತಿವೆ.

ಕೇಳಿದರೆ ಏನು ಸಿಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಭೀಮಾ ತೀರದ ಹಲಸಂಗಿಯ ಗೆಳೆಯರು ತಮ್ಮ ಊರಿನ ಹೆಣ್ಣುಮಕ್ಕಳ ಬಾಯಲ್ಲಿದ್ದ ಬೀಸುಕಲ್ಲಿನ ಪದಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು. ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರುವ ಮೊದಲೇ ಅವರು ಕೇಳಿಸಿಕೊಂಡರಲ್ಲ, ಅದು ನಮ್ಮ ಪುಣ್ಯ. ಈಗ ಪ್ರತಿ ಕೈಯಲ್ಲೂ ಧ್ವನಿ ಹಿಡಿಯುವ ಯಂತ್ರವಿದೆ, ಅಜ್ಜಿಯ ಧ್ವನಿ ಮಾತ್ರ ಅದರಲ್ಲಿಲ್ಲ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿದಾಗ ಹಳೇ ಬಾಗಲಕೋಟೆಯ ಓಣಿಗಳು, ಸುತ್ತಲಿನ ಎಷ್ಟೋ ಹಳ್ಳಿಗಳು ಮುಳುಗಿದವು. ಜನ ನವನಗರಕ್ಕೆ ಬಂದರು, ವಿಳಾಸ ಸೆಕ್ಟರ್ ನಂಬರಾಯಿತು. ಮುಳುಗಡೆಯ ಕಾಗದಪತ್ರಗಳಲ್ಲಿ ಮನೆಯ ಅಳತೆಯಿದೆ, ಪರಿಹಾರದ ಮೊತ್ತವಿದೆ. ಆ ಮನೆಯ ಯಾವ ಕಟ್ಟೆಯ ಮೇಲೆ ಯಾರು ಯಾರ ಜೊತೆ ಮಾತು ಬಿಟ್ಟು ಕುಳಿತರು, ಯಾವ ಬಾಗಿಲಿನಿಂದ ಯಾವ ಮಗಳು ಗಂಡನ ಮನೆಗೆ ಹೋದಳು ಎಂಬುದನ್ನು ಬಲ್ಲವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ.

ಅವರ ಮುಂದೆ ಹೋಗಿ “ನಿಮ್ಮ ಜೀವನದ ಬಗ್ಗೆ ಹೇಳಿ” ಎಂದರೆ “ನಂದೇನೈತಿ ಯಪ್ಪಾ ಹೇಳೂದು” ಎಂದು ಬಾಯಿ ಮುಚ್ಚಿಬಿಡುತ್ತಾರೆ. ಮಡಿಲಲ್ಲಿ ಹಳೆಯ ಕೌದಿ ಹಾಸಿ “ಆಯಿ, ಈ ತುಂಡು ಯಾರ ಸೀರಿದು?” ಎಂದು ಕೇಳಬೇಕು. ನಮ್ಮ ಅತ್ತೆಗೆ ಹಾಗೆ ಕೇಳಿದಾಗ ಒಂದು ಹಸಿರು ಅಂಚಿನಿಂದ ಹೊರಟ ಮಾತು ಅವಳ ತವರಿನ ಜಾತ್ರೆ, ಪ್ಲೇಗಿಗೆ ಹೆದರಿ ಹೊಲದ ಗುಡಿಸಲಲ್ಲಿ ಮಲಗಿದ ಹಿರಿಯರ ಕತೆ, ಮದುವೆಗೆ ಒಪ್ಪದೆ ಅತ್ತ ಅಕ್ಕನವರೆಗೂ ಹೋಯಿತು. ಕೊನೆಗೆ ತಾನೇ ಕೇಳಿದಳು: “ಹೆಳವನ ಪುಸ್ತಕದಾಗ ಇವರ ಹೆಸರು ಯಾಕ ಇಲ್ಲ?” ಈ ಸುಗ್ಗಿಗೆ ಅವನು ಬಂದರೆ ಕೂಡಿಸಿ, ಚಹಾ ಕೊಟ್ಟು, ಆಯಿಯ ತಂಗಿಯಿಂದ ಮೊದಲು ಮಾಡಿ ಎಲ್ಲರನ್ನೂ ಬರೆಸಬೇಕೆಂದು ಅವಳು ಈಗಲೇ ಹೆಸರು ಕೂಡಿಹಾಕುತ್ತಿದ್ದಾಳೆ.