ಹಳೆಯ ಟೆಲಿವಿಷನ್ನೂ ನೀಳವಾದ ವೈರೂ

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು 1981ರಲ್ಲಿ ಆರಂಭವಾದುದನ್ನು ವಾಚಕರಲ್ಲನೇಕರು ಬಲ್ಲರು. ಆ ದಶಕದಲ್ಲಿ ದಂಡುಪ್ರದೇಶದ ಮನೆಗಳಿಗೆ ಬಂದ, ಸರಿಯುವ ಮರದ ಬಾಗಿಲುಳ್ಳ ಕಪ್ಪುಬಿಳುಪಿನ ಪೆಟ್ಟಿಗೆಗಳು ಬಹುಮಟ್ಟಿಗೆ ಗುಜರಿಯ ಪಾಲಾದುವು. ಉಳಿದ ಕೆಲವಕ್ಕೆ ಜೀವ ಕೊಡುವ ಮಿತ್ರರೊಬ್ಬರು ಹಲಸೂರಿನಲ್ಲಿ ನಮ್ಮ ಮನೆಯ ಹಿಂದಣ ಗಲ್ಲಿಯಲ್ಲಿದ್ದಾರೆ. ಕೃಷ್ಣರಾಜಪುರದ ಬಳಿ 1948ರಲ್ಲಿ ಸ್ಥಾಪಿತವಾದ ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪಾಠಶಾಲೆಯಲ್ಲಿ ವ್ಯಾಕರಣವನ್ನೋದಿ ಮುದುಕನಾದ ನನಗೆ ವಿದ್ಯುತ್ತಿನ ಗೊಡವೆಯೇಕೆಂದು ಕೇಳಬಹುದು. ಸಂಜೆಯ ಹೊತ್ತು ಅವರ ಬಳಿ ಕುಳಿತು ನೋಡುತ್ತ, ಇದೂ ಒಂದು ಶಾಸ್ತ್ರವೆಂದು ನನಗೆ ಮನದಟ್ಟಾಗಿದೆ.

ಪೆಟ್ಟಿಗೆಯ ಸಂಕಟವಿದು: ಪಿಕ್ಚರ್ ಟ್ಯೂಬು ಮರದ ಚೌಕಟ್ಟಿಗೆ ಬಿಗಿದಿರುತ್ತದೆ, ಅದರ ಹಿಂದೆ ಇಕ್ಕಟ್ಟಿನಲ್ಲಿ ಛಾಸಿ. ಒಳಗಿದ್ದರೆ ಕೈ ಹೋಗದು. ಹೊರಗೆಳೆದರೆ ವೈರು ಸಾಲದು. ವೈರು ಕಳಚಿದರೆ ಯಂತ್ರವೇ ನಡೆಯದು. ಆದುದರಿಂದ ಅವರು ತಾವೇ ಕಟ್ಟಿಕೊಂಡ ನೀಳವಾದ ವೈರುಗಳನ್ನು ನಡುವೆ ಸೇರಿಸುತ್ತಾರೆ. ಛಾಸಿಯು ಮೇಜಿನ ಮೇಲೆ ಅಂಗಾತ ಮಲಗಿರುವಾಗಲೇ ಚಿತ್ರವು ಪೆಟ್ಟಿಗೆಯಲ್ಲಿ ಮೂಡುವುದು.

ಪಾಣಿನಿಯ ಸೂತ್ರಗಳಲ್ಲಿ ಹಿಂದಿನ ಪದವು ಮುಂದಿನ ಸೂತ್ರಕ್ಕೆ ಅನುವೃತ್ತಿಯಾಗಿ ಬರುವುದುಂಟು. ಎಲ್ಲ ಪದವೂ ಎಲ್ಲಿಯವರೆಗೂ ಬರಲಾರದು, ಎಲ್ಲಿ ನಿಲ್ಲುವುದೆಂದು ತಿಳಿದವನೇ ವೈಯಾಕರಣ. ಇಲ್ಲಿಯೂ ಹಾಗೆಯೇ. ಸ್ಪೀಕರಿನ ವೈರನ್ನು ಒಂದು ಮಾರು ಎಳೆದರೂ ಚಿಂತೆಯಿಲ್ಲ. ಚಿತ್ರವನ್ನು ಟ್ಯೂಬಿನ ಬಾಲಕ್ಕೆ ಒಯ್ಯುವ ತಂತಿಯನ್ನು ಬೆಳೆಸಿದರೆ ಸೂಕ್ಷ್ಮ ರೇಖೆಗಳು ಕಲಸಿಹೋಗುವುವು. ಹತ್ತು ಸಾವಿರ ವೋಲ್ಟಿಗೂ ಮೇಲ್ಪಟ್ಟ ಶಕ್ತಿಯನ್ನು ಸಾಧಾರಣ ವೈರಿನ ಹೊದಿಕೆ ತಡೆಯಲಾರದು. ಟ್ಯೂಬಿನ ಬೆನ್ನಿನ ಕಪ್ಪು ಲೇಪವನ್ನು ಛಾಸಿಗೆ ಕೂಡಿಸುವ ಬೋಳು ತಂತಿಯನ್ನು ಮರೆತರೆ ಕಿಡಿ ಹಾರುವುದು. ಕುತ್ತಿಗೆಯ ಸುರುಳಿಯಲ್ಲಿ ಚಿತ್ರವನ್ನು ಮೇಲೆ ಕೆಳಗೆ ಹರಡುವ ತಂತಿ ಜಾರಿದರೆ ಚಿತ್ರವೆಲ್ಲ ಒಂದೇ ಉಜ್ಜ್ವಲವಾದ ಅಡ್ಡಗೆರೆಯಾಗಿ ಗಾಜಿನ ಲೇಪವನ್ನು ಸುಡುವುದು. ಸುಟ್ಟ ಟ್ಯೂಬಿಗೆ ಬದಲು ಹೊಸತು ಸಿಕ್ಕುವ ಕಾಲ ಹೋಯಿತು.

ಕಳೆದ ತಿಂಗಳು ಇಂದಿರಾನಗರದ ಯುವಕನೊಬ್ಬನು ತನ್ನ ಅಜ್ಜಿಯ ಪೆಟ್ಟಿಗೆಯನ್ನು ಆಟೋದಲ್ಲಿ ತಂದು, "ತಾತ, ಒಂದು ಸಲ ಗೋಡೆಯ ಪ್ಲಗ್ಗಿಗೆ ಹಾಕಿಬಿಡೋಣ" ಎಂದು ಆತುರಪಟ್ಟನು. ಮಿತ್ರರು ಅವನ ಮಣಿಕಟ್ಟನ್ನು ಹಿಡಿದರು. ಇಂಥ ಅನೇಕ ಪೆಟ್ಟಿಗೆಗಳಲ್ಲಿ 230 ವೋಲ್ಟಿನ ಒಂದು ತಂತಿ ನೇರವಾಗಿ ಛಾಸಿಗೇ ಕೂಡಿರುವುದು. ಮುಟ್ಟಿದವನು ಬದುಕುವುದು ದೈವಾಧೀನ. ಅವರು ಮೊದಲು ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರನ್ನು ಇಟ್ಟು, ಬಳಿಕ ನೂರು ವಾಟಿನ ಬಲ್ಬುಳ್ಳ ಸೀರೀಸ್ ಬೋರ್ಡಿನ ಮೂಲಕ ವಿದ್ಯುತ್ತನ್ನು ಬಿಟ್ಟರು. ಬಲ್ಬು ಪೂರ್ತಿ ಉರಿದು ನಿಂತರೆ ಒಳಗೆ ಶಾರ್ಟು. ಮಿನುಗಿ ಮಂಕಾದರೆ ಮುಂದುವರಿಯಬಹುದು. ಮಂಕಾಯಿತು!

ಹಳೆಯ ಬಗೆಯ ಪ್ರಸಾರ ಈ ಊರಿನಲ್ಲಿ ನಿಂತಿರುವುದರಿಂದ ಸೆಟ್‌ಟಾಪ್ ಬಾಕ್ಸಿನ ಚಿತ್ರವನ್ನು ಮಾಡ್ಯುಲೇಟರಿನಿಂದ ಹಳೆಯ ಚಾನೆಲ್ಲಿಗೆ ಇಳಿಸಿಕೊಂಡರು. ಚಿತ್ರವು ಕ್ಷಣಕ್ಕೊಮ್ಮೆ ಕುಗ್ಗುತ್ತಿತ್ತು. ಬಿದಿರಿನ ಕಡ್ಡಿಯಿಂದ ಛಾಸಿಯನ್ನು ಅಲ್ಲಲ್ಲಿ ತಟ್ಟುತ್ತ, ಕಣ್ಣನ್ನು ಚಿತ್ರದಲ್ಲೇ ನೆಟ್ಟಿದ್ದರು. ಒಂದೆಡೆ ತಟ್ಟಿದೊಡನೆ ಚಿತ್ರ ಹಾರಿತು. ಬಿರಿದ ಬೆಸುಗೆ! ಸ್ವಿಚ್ಚು ಆರಿಸಿ, ತುಸು ಕಾದು, ಎರಡು ನಿಮಿಷದಲ್ಲಿ ಬೆಸೆದರು. ಯುವಕನು ಹಣವನ್ನು ಕೇಳಿದನು. ಅವರು ಅಜ್ಜಿಯ ಕ್ಷೇಮವನ್ನು ವಿಚಾರಿಸಿ, ನೀಳವಾದ ವೈರುಗಳನ್ನು ಸುತ್ತಿ ಮೊಳೆಗೆ ನೇತುಹಾಕಿದರು.