ಗಿಳಿಯ ಮುಪ್ಪು

ನಮ್ಮ ಸಾಹಿತ್ಯದಲ್ಲಿ ಗಿಳಿಗೆ ಮುಪ್ಪು ಬರುವುದು ಅಪರೂಪ. ಅಂತಃಪುರದಲ್ಲಿ, ಉಪವನದಲ್ಲಿ, ಮನ್ಮಥನ ವಾಹನವಾಗಿ, ಜನಪದ ಕಥೆಯಲ್ಲಿ ಏಳು ಸಮುದ್ರದಾಚೆ ರಕ್ಕಸನ ಪ್ರಾಣವನ್ನು ಹೊತ್ತು ಕುಳಿತ ಪಂಜರದ ಹಕ್ಕಿಯಾಗಿ, ಅದು ಎಲ್ಲೆಡೆಯೂ ಎಳೆಹಸಿರಿನದು, ಎಲ್ಲೆಡೆಯೂ ಮಾತುಗಾರ. ಬಾಗಿಲಲ್ಲಿ ಗಿಳಿಗಳು ಪ್ರಮಾಣಶಾಸ್ತ್ರವನ್ನು ಚರ್ಚಿಸುತ್ತಿರುವ ಮನೆಯೇ ಮಂಡನಮಿಶ್ರರದು ಎಂಬ ಗುರುತು ಶಂಕರರಿಗೆ ದೊರೆಯಿತೆಂದು ಶಂಕರವಿಜಯದ ಐತಿಹ್ಯ ಹೇಳುತ್ತದೆ. ಶುಕಸಪ್ತತಿಯ ಗಿಳಿ ಇರುಳಿಗೊಂದು ಕಥೆ ಹೇಳಿ ಒಡತಿಯನ್ನು ಹೊಸ್ತಿಲು ದಾಟದಂತೆ ತಡೆಯುತ್ತದೆ. ಗೋವಿಂದ ಪೈಗಳು 1930ರಲ್ಲಿ ತಮ್ಮ ಕವನಸಂಕಲನಕ್ಕೆ ‘ಗಿಳಿವಿಂಡು’ ಎಂದು ಹೆಸರಿಟ್ಟಾಗ ಕವಿತೆಗೂ ಗಿಳಿಗೂ ಇರುವ ನಂಟನ್ನು ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ಹೀಗಳೆಯುವಾಗಲೂ ನಾವು ಹಿಡಿಯುವುದು ಅದರ ಮಾತನ್ನೇ. ಅರ್ಥವರಿಯದೆ ಒಪ್ಪಿಸುವ ವಿದ್ಯೆಗೆ ‘ಗಿಳಿಪಾಠ’ ಎನ್ನುತ್ತೇವೆ. ಮಾತು ನಿಂತ ಮೇಲೆ, ರೆಕ್ಕೆ ಬಿದ್ದ ಮೇಲೆ ಆ ಹಕ್ಕಿ ಏನಾಯಿತೆಂದು ಕೇಳುವ ಕವಿಗಳು ವಿರಳ. ಈ ಪ್ರಶ್ನೆಯನ್ನು ನಾನೂ ಗ್ರಂಥಗಳ ನಡುವೆ ಕೇಳಿದವನಲ್ಲ. ಅದು ಎದುರಾದದ್ದು ಮನೆಯಲ್ಲಿ.

ನಮ್ಮ ಮನೆಯ ಗಿಳಿ ಕಾವ್ಯದ ಹಸಿರು ಗಿಳಿಯಲ್ಲ. ಹಸಿರು ಗಿಳಿಯೂ ಸೇರಿದಂತೆ ನಮ್ಮ ನಾಡಿನ ಗಿಳಿಗಳನ್ನು ಮನೆಯಲ್ಲಿ ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಇದು ಆಸ್ಟ್ರೇಲಿಯಾ ಮೂಲದ ಕಾಕಟೀಲ್. ಬೂದು ಮೈ, ಹಳದಿ ಮುಖ, ತಲೆಯ ಮೇಲೆ ಜುಟ್ಟು, ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ದುಂಡು ಗುರುತು. ಆ ಗುರುತಿನಿಂದಾಗಿ ಮಗಳು ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟಳು. ತಲೆತಲಾಂತರದಿಂದ ಮನುಷ್ಯರ ಮನೆಗಳಲ್ಲೇ ಹುಟ್ಟಿ ಬೆಳೆದ ವಂಶ ಅದು. ಪಂಜರದ ಬಾಗಿಲು ತೆರೆದು ಹಾರಿಬಿಟ್ಟರೆ ತುಮಕೂರಿನ ಆಕಾಶದಲ್ಲಿ ಕಾಗೆ, ಹದ್ದುಗಳ ನಡುವೆ ಒಂದು ದಿನವೂ ಬದುಕಲಾರದು. ಹಕ್ಕಿಯನ್ನು ಮನೆಯಲ್ಲಿಡುವುದು ಸರಿಯೇ ಎಂಬ ಪ್ರಶ್ನೆ ಇದ್ದೇ ಇದೆ. ಆದರೆ ಮನೆಗೆ ಬಂದುಬಿಟ್ಟ ಜೀವದ ಮಟ್ಟಿಗೆ ಆ ಪ್ರಶ್ನೆಗೆ ಕೊನೆಯತನಕ ನೋಡಿಕೊಳ್ಳುವುದನ್ನು ಬಿಟ್ಟು ಬೇರೆ ಉತ್ತರವಿಲ್ಲ.

ಚೆನ್ನಾಗಿ ನೋಡಿಕೊಂಡರೆ ಕಾಕಟೀಲ್‌ಗಳು ಹದಿನೈದರಿಂದ ಇಪ್ಪತ್ತು ವರ್ಷ ಬದುಕುತ್ತವೆ. ಚುಕ್ಕಿಗೆ ಈಗ 18. ಗಂಡು ಹಕ್ಕಿಯಾದ್ದರಿಂದ ಮಾತಿಗಿಂತ ಸಿಳ್ಳೆಯಲ್ಲಿ ಅದಕ್ಕೆ ಆಸಕ್ತಿ. ಕುಕ್ಕರಿನ ಕೂಗು, ಬಾಗಿಲ ಗಂಟೆ, ಮಗಳು ಸಂಗೀತ ಕಲಿಯುತ್ತಿದ್ದಾಗ ಹಾಡಿಕೊಳ್ಳುತ್ತಿದ್ದ ಸರಳೆವರಸೆಯ ಆರೋಹಣ, ಇವೆಲ್ಲ ಅದರ ಸಂಗ್ರಹದಲ್ಲಿದ್ದವು. ಆರೋಹಣ ಮಾತ್ರ ಪಂಚಮಕ್ಕೆ ನಿಲ್ಲುತ್ತಿತ್ತು. ಅದರಾಚೆಗೆ ಅದು ಎಂದೂ ಹೋಗಲಿಲ್ಲ. ಮಗಳು ಉದ್ಯೋಗಕ್ಕೆಂದು ಪುಣೆಗೆ ಹೋದ ಮೇಲೂ ಆ ಐದು ಸ್ವರಗಳು ಪ್ರತಿದಿನ ಬೆಳಿಗ್ಗೆ ಮನೆಯಲ್ಲಿ ಕೇಳಿಸುತ್ತಿದ್ದವು.

ಕಳೆದ ಶ್ರಾವಣದಲ್ಲಿ ಮೊದಲ ಲಕ್ಷಣ ಕಂಡಿತು. ಇರುಳು ಎತ್ತರದ ಕೋಲಿನಿಂದ ಜಾರಿ ಬಿದ್ದ ಸದ್ದಾಯಿತು. ಕಾಕಟೀಲ್‌ಗಳು ಕತ್ತಲಲ್ಲಿ ಬೆಚ್ಚಿ ಪಂಜರದೊಳಗೆ ಹೊಡೆದಾಡುವುದುಂಟು. ಅದೇ ಇರಬಹುದೆಂದುಕೊಂಡು ಸಣ್ಣ ದೀಪವೊಂದನ್ನು ಹಚ್ಚಿಟ್ಟೆವು. ವಾರದೊಳಗೆ ಹಗಲಲ್ಲೂ ಆಯ ತಪ್ಪತೊಡಗಿತು. ತಲೆ ಎಡಕ್ಕೆ ವಾಲಿತು. ಕೋಲಿನ ಮೇಲೆ ಕುಳಿತಾಗ ಬಾಲವನ್ನು ಸರಳುಗಳಿಗೆ ಒತ್ತಿ ಮೂರನೆಯ ಕಾಲಿನಂತೆ ಬಳಸತೊಡಗಿತು. ಇಳಿಯುವಾಗ ಕೊಕ್ಕಿನಿಂದ ಸರಳನ್ನು ಕಚ್ಚಿ ಹಿಡಿದು, ಒಂದು ಪಾದವನ್ನು ಊರಿ, ಅದು ನಿಂತಿತೆಂದು ಖಚಿತವಾದ ಮೇಲೆ ಇನ್ನೊಂದನ್ನು ಬಿಡುತ್ತಿತ್ತು. ಬೇಟೆಗೆ ಈಡಾಗುವ ಜೀವಿಗಳಾದ್ದರಿಂದ ಹಕ್ಕಿಗಳು ಕಾಯಿಲೆಯನ್ನು ಕೈಲಾದಷ್ಟು ದಿನ ಮರೆಮಾಚುತ್ತವೆ. ಅದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಮರೆಮಾಚುವ ಶಕ್ತಿಯೇ ಮುಗಿದಿರುತ್ತದೆ.

ಪಕ್ಷಿಗಳನ್ನೇ ನೋಡುವ ವೈದ್ಯರು ನಮ್ಮ ಊರಿನಲ್ಲಿ ಸಿಗಲಿಲ್ಲ. ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋದೆವು. ಅಲ್ಲಿನ ವೈದ್ಯರು ತಾಳ್ಮೆಯಿಂದ ವಿವರಿಸಿದರು. ನಮ್ಮಂತೆ ಹಕ್ಕಿಗಳಿಗೂ ಒಳಗಿವಿಯ ಅರ್ಧವೃತ್ತಾಕಾರದ ನಾಳಗಳು ಸಮತೋಲವನ್ನು ಕಾಯುತ್ತವೆ. ಅದಲ್ಲದೆ ಸೊಂಟದ ಬಳಿ ಬೆನ್ನುಹುರಿಯಲ್ಲಿಯೂ ನಡಿಗೆಗೆ ಸಂಬಂಧಿಸಿದ ಇನ್ನೊಂದು ಸಮತೋಲದ ಅಂಗವಿದೆಯೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಆಯ ತಪ್ಪಲು ಕಾರಣಗಳು ಹಲವು: ಕಿವಿಯ ಸೋಂಕು, ಪಂಜರದ ಲೇಪದಿಂದ ಹೊಟ್ಟೆ ಸೇರಿದ ಸತು ಅಥವಾ ಸೀಸ, ಕ್ಯಾಲ್ಸಿಯಂ ಕೊರತೆ, ಯಕೃತ್ತಿನ ದೋಷ, ಮುಪ್ಪಿನಲ್ಲಿ ರಕ್ತನಾಳಗಳು ಗಡುಸಾಗುವುದು, ಸಂಧಿವಾತ. ಎಕ್ಸ್‌ರೇಯಲ್ಲಿ ಲೋಹದ ಕಣಗಳು ಕಾಣಲಿಲ್ಲ. ರಕ್ತಪರೀಕ್ಷೆಯಲ್ಲಿಯೂ ಗಂಭೀರವಾದದ್ದೇನೂ ದೊರೆಯಲಿಲ್ಲ. ಸೋಂಕಿಗೆ ಔಷಧ ಕೊಟ್ಟಾಗ ತಲೆಯ ವಾಲು ಸ್ವಲ್ಪ ಕಡಿಮೆಯಾಯಿತು, ಆದರೆ ಕಾಲುಗಳಿಗೆ ಬಲ ಮರಳಲಿಲ್ಲ. ಉಳಿದದ್ದು ವಯಸ್ಸು. ಮತ್ತೆ ಮತ್ತೆ ಪ್ರಯಾಣ ಮಾಡಿಸುವುದರಿಂದ ಕೆಡುಕೇ ಹೆಚ್ಚೆಂದೂ, ಇನ್ನು ಮಾಡಬೇಕಾದದ್ದು ಬಹುಪಾಲು ಮನೆಯಲ್ಲೇ ಎಂದೂ ಹೇಳಿ ನೋವುಶಮನಕ್ಕೆ ಅಳತೆಯ ಹನಿಗಳನ್ನು ಬರೆದುಕೊಟ್ಟರು.

ಮನೆಯಲ್ಲಿ ಮೊದಲು ಮಾಡಿದ ಕೆಲಸ ಎತ್ತರವನ್ನು ತೆಗೆದುಹಾಕಿದ್ದು. ಕೋಲುಗಳೆಲ್ಲ ಹೋದವು. ತಳಕ್ಕೆ ಎರಡು ಅಂಗುಲ ಮೇಲೆ ಅಗಲವಾದ ಒಂದು ಹಲಗೆ ಬಂತು. ಗಿಳಿಯ ಪಾದದಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಚಾಚಿರುತ್ತವೆ. ಕೊಂಬೆಯನ್ನು ಅಪ್ಪಿ ಹಿಡಿಯಲು ಆದ ಪಾದ ಅದು. ಸಮತಟ್ಟಾದ ಗಡುಸು ನೆಲದ ಮೇಲೆ ಸದಾ ನಿಂತರೆ ಅಂಗಾಲು ಹುಣ್ಣಾಗುತ್ತದೆ. ಆದ್ದರಿಂದ ಹಲಗೆಗೂ ನೆಲಕ್ಕೂ ಮೆತ್ತನೆಯ ಬಟ್ಟೆ ಹಾಸಬೇಕು. ಟವೆಲ್ ಆಗದು, ಅದರ ನೂಲಿನ ಕುಣಿಕೆಗಳಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಹಳೆಯ ಹತ್ತಿಯ ಪಂಚೆಯ ಮಡಿಕೆಯೇ ಸರಿಯಾಯಿತು. ನೀರಿನ ಬಟ್ಟಲು ಒಂದು ಬೆರಳಿನ ಅಗಲದಷ್ಟೂ ಆಳವಿರಬಾರದು, ಮುಗ್ಗರಿಸಿದ ಹಕ್ಕಿ ಅದರಲ್ಲೇ ಉಸಿರುಗಟ್ಟಬಹುದು. ಪಂಜರದ ಒಂದು ಬದಿಗೆ ಮಾತ್ರ ಬೆಚ್ಚಗಿನ ದೀಪ. ಅಲ್ಲಿ 28ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ, ಇನ್ನೊಂದು ಬದಿ ತಂಪು. ಎಲ್ಲಿರಬೇಕೆಂಬುದನ್ನು ಅದೇ ಆರಿಸಿಕೊಳ್ಳಬೇಕು.

ಊಟಕ್ಕೆ ನವಣೆಯ ತೆನೆಯನ್ನು ನೆಲದ ಮೇಲೆ ಮಲಗಿಸಿ ಇಡುತ್ತೇವೆ. ನೆನೆಸಿದ ಸಾಮೆ, ಬೇಯಿಸಿದ ಗಜ್ಜರಿ, ನುಗ್ಗೆಸೊಪ್ಪಿನ ಎಲೆ, ವೈದ್ಯರು ಹೇಳಿದ ಸಿದ್ಧ ಆಹಾರದ ಹರಳು. ಬೆಳಿಗ್ಗೆ ಊಟಕ್ಕೆ ಮುಂಚೆ ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿ ತೂಕ. ಆರೋಗ್ಯದ ದಿನಗಳಲ್ಲಿ ಅದು 92 ಗ್ರಾಂ ಇತ್ತು. ಶ್ರಾವಣದ ಹೊತ್ತಿಗೆ 84ಕ್ಕೆ ಇಳಿದಿತ್ತು. ಹತ್ತರಲ್ಲೊಂದು ಭಾಗ ಇಳಿದರೆ ಅಪಾಯವೆಂದು ವೈದ್ಯರು ಹೇಳಿದ್ದರು. ಎಂಟು ಗ್ರಾಂ ಎಂದರೆ ನಮಗೆ ಒಂದು ಚಿಟಿಕೆ, ಅದಕ್ಕೆ ದೇಹದ ಹನ್ನೆರಡನೆಯ ಒಂದು ಪಾಲು. ಸಮತೋಲ ಎಂಬ ಪದದೊಳಗೆ ತೂಕವೇ ಇದೆಯೆಂಬುದನ್ನು ನಿಘಂಟಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಈಗ ಅದರ ಅರ್ಥ ಪ್ರತಿದಿನ ಬೆಳಿಗ್ಗೆ ಅಂಕಿಯಾಗಿ ಕಾಣುತ್ತದೆ.

ಹಿಕ್ಕೆಯನ್ನು ನೋಡುವುದನ್ನೂ ಕಲಿತೆವು. ಗಟ್ಟಿಯಾದ ಹಸಿರು ಭಾಗ, ಸುಣ್ಣದಂಥ ಬಿಳಿ ಭಾಗ, ನೀರು, ಈ ಮೂರರಲ್ಲಿ ಯಾವುದು ಬದಲಾಯಿತೆಂದು ದಿನವೂ ಗಮನಿಸಬೇಕು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಗರಿಯ ಆರೈಕೆ. ಹಕ್ಕಿ ತನ್ನ ಗರಿಗಳನ್ನು ತಾನೇ ತೀಡಿಕೊಳ್ಳುವಾಗ ಮೈಯನ್ನು ತಿರುಚಿ, ಒಂದು ಕಾಲಿನ ಮೇಲೆ ಭಾರ ಹೊರಿಸಬೇಕಾಗುತ್ತದೆ. ಆಯವಿಲ್ಲದ ಹಕ್ಕಿಗೆ ಅದಾಗದು. ತಲೆಯ ಮೇಲಿನ ಹೊಸ ಗರಿಗಳ ಪೊರೆಯನ್ನಂತೂ ಆರೋಗ್ಯವಂತ ಹಕ್ಕಿಯೂ ಸಂಗಾತಿಯ ಕೊಕ್ಕಿನಿಂದಲೇ ಬಿಡಿಸಿಕೊಳ್ಳಬೇಕು. ಸಂಜೆ ನನ್ನ ಅಂಗೈಯನ್ನು ಗೋಡೆಯಾಗಿಸಿಕೊಂಡು ಒರಗಿ ಕುಳಿತು ಚುಕ್ಕಿ ತಲೆ ತಗ್ಗಿಸುತ್ತದೆ. ಆ ಪೊರೆಗಳನ್ನು ಉಗುರಿನ ತುದಿಯಿಂದ ಒಂದೊಂದಾಗಿ ಉಜ್ಜಿ ಪುಡಿಮಾಡಬೇಕು. ಎಳೆಯ ಗರಿಯ ಬುಡದಲ್ಲಿ ರಕ್ತವಿರುವುದರಿಂದ ತುಸು ಒತ್ತಿದರೂ ನೋವು. ಆಗ ಅದು ಮೆಲ್ಲಗೆ ಕಚ್ಚಿ ತಿಳಿಸುತ್ತದೆ.

ಸಿಳ್ಳೆ ನಿಂತುಹೋಗಿದೆ. ಮೊದಲು ಪಂಚಮ ಹೋಯಿತು, ಆಮೇಲೆ ಉಳಿದ ಸ್ವರಗಳು. ಬಂದವರು ಪಂಜರವನ್ನು ನೋಡಿ, ಹಾರುವುದಿಲ್ಲ, ಹಾಡುವುದಿಲ್ಲ, ಇದನ್ನು ಇಟ್ಟುಕೊಂಡು ಏನು ಎಂದು ಕೇಳುತ್ತಾರೆ. ಪ್ರಶ್ನೆ ಒರಟೆನಿಸಿದರೂ ಅದು ನಮ್ಮ ಪರಂಪರೆಯಲ್ಲೇ ಇರುವ ಪ್ರಶ್ನೆ. ಗಿಳಿಯನ್ನು ನಾವು ಬೆಲೆಕಟ್ಟಿದ್ದೇ ಅದರ ದನಿಯಿಂದ. ಅದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆ ವೈದ್ಯರಿಂದ ಬಂತು. ನೋವು ಮಿತಿಮೀರಿದರೆ ದಯಾಮರಣದ ದಾರಿಯಿದೆ, ಯೋಚಿಸಿ ಎಂದರು. ಅವರ ಮಾತಿನಲ್ಲಿ ನಿಷ್ಕರುಣೆ ಇರಲಿಲ್ಲ.

ಆ ವಾರ ನಾನು ಜನ್ನನ ಕಡೆಗೆ ಹೋದೆ. 1209ರ ಯಶೋಧರ ಚರಿತೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ, ಜೀವವೇ ಇರಲಿಲ್ಲ. ಆದರೂ ಕೊಲ್ಲುವ ಸಂಕಲ್ಪವಿತ್ತಾದ್ದರಿಂದ ಯಶೋಧರನೂ ತಾಯಿ ಚಂದ್ರಮತಿಯೂ ನವಿಲು ನಾಯಿಗಳಿಂದ ಹಿಡಿದು ಕೊನೆಗೆ ಕೋಳಿಗಳಾಗುವವರೆಗೆ ಪ್ರಾಣಿಜನ್ಮಗಳಲ್ಲಿ ಅಲೆಯುತ್ತಾರೆ. ಆ ಕಾವ್ಯದಿಂದ ದಯಾಮರಣಕ್ಕೆ ನೇರವಾದ ವಿಧಿಯನ್ನಾಗಲಿ ನಿಷೇಧವನ್ನಾಗಲಿ ತೆಗೆಯುವುದು ಸಾಹಿತ್ಯದ ವಿದ್ಯಾರ್ಥಿಗೆ ತಕ್ಕದ್ದಲ್ಲ. ಆದರೆ ಅದು ಕೃತ್ಯಕ್ಕಿಂತ ಹಿಂದೆ ಸರಿದು ಸಂಕಲ್ಪವನ್ನು ನೋಡೆನ್ನುತ್ತದೆ. ಈ ನೋವು ಮುಗಿಯಲಿ ಎಂದು ನಾನು ಅಂದುಕೊಳ್ಳುವಾಗ ಯಾರ ನೋವು ಮನಸ್ಸಿನಲ್ಲಿದೆ? ನಡುರಾತ್ರಿ ಬಿದ್ದ ಹಕ್ಕಿಯನ್ನು ಎತ್ತಿ ಕೂರಿಸಿ, ಬೆಳಿಗ್ಗೆ ಒಂಬತ್ತಕ್ಕೆ ತರಗತಿಗೆ ಹೋಗುವವನ ದಣಿವೂ ಆ ವಾಕ್ಯದೊಳಗೆ ಸೇರಿಕೊಂಡಿರಬಹುದು. ಅಂತೆಯೇ, ಹೇಗಾದರೂ ಬದುಕಿರಲಿ ಎಂಬ ಹಂಬಲದಲ್ಲಿ ಕಳೆದುಕೊಳ್ಳಲಾರದ ನನ್ನ ಮೋಹವೇ ಮುಂದಿರಬಹುದು. ಎರಡನ್ನೂ ಬದಿಗಿಡಲು ನಾವು ಮೂರು ಗುರುತುಗಳನ್ನು ತೂಕದ ಪುಸ್ತಕದಲ್ಲೇ ಬರೆದುಕೊಂಡೆವು. ತಾನೇ ತಿನ್ನುತ್ತಿದೆಯೇ, ಹೆಸರು ಕರೆದರೆ ಜುಟ್ಟು ಎತ್ತುತ್ತದೆಯೇ, ಔಷಧ ಕೊಟ್ಟ ಮೇಲೆ ನೆಮ್ಮದಿಯಾಗಿ ನಿದ್ರಿಸುತ್ತದೆಯೇ? ಮೂರೂ ಇರುವಷ್ಟು ದಿನ ಬದುಕು ಅದರದು. ಮೂರೂ ಹೋದ ದಿನ ವೈದ್ಯರ ಮಾತನ್ನು ಮತ್ತೆ ಕೇಳುವುದು.

ಮುದಿ ಗಿಳಿ ಕಾವ್ಯದಲ್ಲಿ ವಿರಳ ಎಂದೆ, ಇಲ್ಲವೇ ಇಲ್ಲವೆಂದಲ್ಲ. ಏಳನೆಯ ಶತಮಾನದ ಬಾಣನ ಕಾದಂಬರಿಯಲ್ಲಿ ಅದು ಇದೆ. ಕನ್ನಡದ ಓದುಗರಿಗೆ ಆ ಕಥೆ ನಾಗವರ್ಮನ ಕರ್ಣಾಟಕ ಕಾದಂಬರಿಯಿಂದ ಪರಿಚಿತ. ಶೂದ್ರಕನ ಆಸ್ಥಾನಕ್ಕೆ ಬಂದ ವೈಶಂಪಾಯನನೆಂಬ ಗಿಳಿ ಬಲಗಾಲನ್ನೆತ್ತಿ ರಾಜನನ್ನು ಸ್ತುತಿಸುತ್ತದೆಂದು ಬಾಣ ಬರೆಯುತ್ತಾನೆ. ಒಂದು ಕಾಲಿನ ಮೇಲೆ ನಿಲ್ಲುವುದು ಎಂಥ ಸಿರಿಯೆಂಬುದು ಈಚೆಗೆ ನನಗೆ ತಿಳಿದಿದೆ. ಆ ಗಿಳಿಯ ಬಾಲ್ಯದ ಕಥೆಯಲ್ಲಿ ಅದರ ತಂದೆ ಬರುತ್ತದೆ. ಗರಿಯುದುರಿ, ಮೈ ನಡುಗುತ್ತ, ಹಾರಲಾರದ ಮುದಿಹಕ್ಕಿ. ಬೇರೆ ಗೂಡುಗಳಿಂದ ಉದುರಿದ ಅಕ್ಕಿಕಾಳನ್ನೂ ಬೇರೆ ಗಿಳಿಗಳು ಕಡಿದು ಬಿಟ್ಟ ಹಣ್ಣಿನ ಚೂರನ್ನೂ ಆಯ್ದು ತಂದು ತಾಯಿಯಿಲ್ಲದ ಮರಿಗೆ ತಿನ್ನಿಸಿ, ಮಿಕ್ಕಿದ್ದನ್ನು ತಾನು ತಿನ್ನುತ್ತದೆ. ಬೇಡ ಮರವೇರಿ ಬಂದಾಗ ಮರಿಯನ್ನು ರೆಕ್ಕೆಯಡಿಯಲ್ಲಿ ಮುಚ್ಚಿಕೊಂಡೇ ಸಾಯುತ್ತದೆ. ನೆಲಕ್ಕೆ ಬಿದ್ದು, ಬಾಯಾರಿ, ಕಾಲೆಳೆಯುತ್ತ ತೆವಳುವ ಆ ಮರಿಯನ್ನು ಸರೋವರಕ್ಕೆ ಸ್ನಾನಕ್ಕೆಂದು ಬಂದ ಹಾರೀತನೆಂಬ ಮುನಿಕುಮಾರ ನೋಡುತ್ತಾನೆ. ನೀರಿನ ಬಳಿಗೆ ಒಯ್ದು, ಬಾಯಿ ತೆರೆಸಿ, ಬೆರಳಿನಿಂದ ಕೆಲವು ಹನಿ ನೀರು ಬಿಡುತ್ತಾನೆ.

ಮರಿಯ ಪೂರ್ವಜನ್ಮವನ್ನು ಬಲ್ಲವನು ಅವನ ತಂದೆ ಜಾಬಾಲಿ. ಆ ಕಥೆ ಹೊರಬರುವುದು ಆಮೇಲೆ. ನೀರು ಕೊಡುವ ಗಳಿಗೆಯಲ್ಲಿ ಹಾರೀತನ ಮುಂದಿದ್ದದ್ದು ಸರಿಯಾಗಿ ಗರಿಯೂ ಮೂಡದ, ಮಾತಾಡದ, ನಿಲ್ಲಲಾರದ ಒಂದು ಹಕ್ಕಿ ಮಾತ್ರ. ಕಾದಂಬರಿಯ ಸಮಸ್ತ ಕಥಾಜಾಲವೂ ಆ ಕೆಲವು ಹನಿಗಳ ಋಣದಲ್ಲಿದೆ. ಆದರೆ ಹಾರೀತ ಅದನ್ನು ಕಥೆಗಾಗಿ ಕೊಟ್ಟದ್ದಲ್ಲ. ಮಾತು ಬರುವ ಮೊದಲಿನ ಗಿಳಿಗೆ ಸಂದ ಆ ಆರೈಕೆಗೆ ಮಾತು ಮುಗಿದ ಗಿಳಿಯೂ ಅರ್ಹವೇ. ಇಟ್ಟುಕೊಂಡು ಏನು ಎಂದು ಕೇಳುವವರಿಗೆ ನಾನು ಈಗ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಪ್ರಾಚೀನ ಕಾವ್ಯಗಳ ಪಕ್ಷಿವರ್ಣನೆಯನ್ನು ಕುರಿತು ಅಧ್ಯಯನ ಮಾಡುವ ಸಂಶೋಧನ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಹಕ್ಕಿಗಳ ಹೆಸರು, ಬಣ್ಣ, ದನಿ, ಕವಿಸಮಯ ಇವುಗಳ ಪಟ್ಟಿಯ ಜೊತೆಗೆ ಇನ್ನೊಂದು ಪಟ್ಟಿಯನ್ನೂ ಮಾಡಿಕೊಳ್ಳಿ: ಯಾವ ಕಾವ್ಯದಲ್ಲಿ ಯಾರು ಯಾವ ಹಕ್ಕಿಗೆ ನೀರು ಕೊಟ್ಟರು, ಯಾವ ಹಕ್ಕಿ ಮುದಿಯಾಯಿತು, ಅದನ್ನು ಯಾರು ನೋಡಿಕೊಂಡರು. ಪಟ್ಟಿ ಚಿಕ್ಕದಾಗಬಹುದು, ಆದರೆ ಅದರಲ್ಲಿ ಹೊಸ ಓದಿಗೆ ಎಡೆಯಿದೆ. ಚುಕ್ಕಿಯ ತೂಕ ಈ ತಿಂಗಳು 85 ಗ್ರಾಂನಲ್ಲಿ ನಿಂತಿದೆ. ಪುಸ್ತಕದಲ್ಲಿ ಮೂರು ಗುರುತುಗಳ ಮುಂದೆಯೂ ದಿನವೂ ಹೌದು ಎಂದು ಬರೆಯುತ್ತಿದ್ದೇವೆ.